ಹೀಟರ್ ಕಾಯಿಲ್‌ಗೆ ಕವರ್ ಹಾಕುವ ಮುನ್ನ: ಮಜ್ಜಿಗೆ ಹುಲ್ಲಿನ ಭಟ್ಟಿಯವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು. ತೋಟದ ಅಂಚಿನಲ್ಲಿ ಮಜ್ಜಿಗೆ ಹುಲ್ಲು ಬೆಳೆದಿದ್ದೇವೆ. ಅದರ ಎಣ್ಣೆ ತೆಗೆಯಲು 50 ಲೀಟರಿನ ಸ್ಟೀಲ್ ಡ್ರಮ್ಮಿನ ತಳಭಾಗದಲ್ಲಿ, ಪಕ್ಕದಿಂದ ತಿರುಪಿ ಕೂರಿಸುವ 2 ಕಿಲೋವ್ಯಾಟ್ ಕಾಯಿಲ್ ಹಾಕಿಸಿದ್ದೇವೆ. ವೈರು ಸೇರುವ ಎರಡು ತುದಿಗಳು ಹೊರಗೆ ಬಯಲಿಗೇ ಇವೆ. ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಮುಚ್ಚಿ ಟೇಪ್ ಸುತ್ತಿದ್ದೆವು, ಅದು ಮೆತ್ತಗಾಗಿ ಸೊಟ್ಟಗಾಗಿದೆ. ಬರಿಗಾಲಲ್ಲಿ ನಿಂತು ಡ್ರಮ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಯಾವ ಕವರ್ ಹಾಕಬೇಕು? ಹಾಕಿದರೆ ಈ ಜುಮ್ಮೆನ್ನುವುದು ನಿಲ್ಲುತ್ತದೆಯೇ? ಬೇಗ ಕುದಿಯಲೆಂದು 3 ಕಿಲೋವ್ಯಾಟ್ ಕಾಯಿಲ್ ಹಾಕಬಹುದೇ?

ಉತ್ತರ: ಮೊದಲು ಪ್ಲಗ್ ಕಿತ್ತಿಡಿ. ಕೆಳಗೆ ಹೇಳುವ ಕೆಲಸ ಮುಗಿಯುವವರೆಗೆ ಆ ಡ್ರಮ್ಮಿಗೆ ಕರೆಂಟ್ ಕೊಡಬೇಡಿ, ಒಂದು ಸಲಕ್ಕೂ ಬೇಡ. ಮನೆಯವರು ಯಾರೇ ಆಗಲಿ ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗುವುದಿಲ್ಲ ಎಂದರೆ ಒಪ್ಪಬೇಡಿ. ಭಟ್ಟಿಯ ಸುತ್ತ ನೆಲ ಯಾವಾಗಲೂ ಒದ್ದೆ, ಕೈಯೂ ಒದ್ದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲ ಎಂಬುದೇ. ಎಷ್ಟು ಒಳ್ಳೆಯ ಕವರ್ ಹಾಕಿದರೂ ಜುಮ್ಮೆನ್ನುವುದು ನಿಲ್ಲುವುದಿಲ್ಲ. ಕವರ್ ಇರುವುದು ಬೆರಳು, ನೀರಿನ ಹನಿ, ಇಲಿ, ಮಕ್ಕಳ ಕೈ ಆ ಎರಡು ತುದಿಗಳಿಗೆ ತಗುಲದಿರಲಿ ಎಂದು. ಡ್ರಮ್ಮಿನ ಮೈಗೆ ಕರೆಂಟ್ ಬರುತ್ತಿದ್ದರೆ ಅದಕ್ಕೆ ಮದ್ದು ಅರ್ಥಿಂಗ್ ಮತ್ತು ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ. ಅರ್ಥಿಂಗ್ ಇಲ್ಲದೆ ಲೋಹದ ಕವರ್ ಹಾಕಿದರಂತೂ ಮೊದಲಿಗಿಂತ ಅಪಾಯ ಹೆಚ್ಚು: ಒಳಗೆ ವೈರು ಕಳಚಿ ಕವರಿಗೆ ತಗುಲಿದರೆ ಇಡೀ ಕವರೇ ಫೇಸ್ ಆಗಿ ನಿಲ್ಲುತ್ತದೆ. ಮುಚ್ಚಿದೆಯಲ್ಲ ಎಂಬ ಧೈರ್ಯದಲ್ಲಿ ಜನ ಅದನ್ನೇ ಹಿಡಿಯುತ್ತಾರೆ.

ಜುಮ್ಮೆನ್ನುವುದು ಎಲ್ಲಿಂದ ಬರುತ್ತದೆ ನೋಡಿ. ಕಾಯಿಲ್ ಎಂದು ನಾವು ಕರೆಯುವ ಸ್ಟೀಲ್ ಕೊಳವೆಯ ನಡುವೆ ಸಣ್ಣ ನೈಕ್ರೋಮ್ ತಂತಿಯ ಸುರುಳಿ ಇರುತ್ತದೆ. ತಂತಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಗಾಳಿಯ ತೇವವನ್ನು ಹೀರುವ ಗುಣ ಅದಕ್ಕಿದೆ. ತುದಿಗಳು ಬಯಲಿಗಿದ್ದು, ಮುಚ್ಚಳದ ಸಂದಿನಿಂದ ಬಂದ ಹಬೆ ದಿನವೂ ಅಲ್ಲಿಗೆ ಬಡಿಯುತ್ತಿದ್ದರೆ ತುದಿಯ ಬಿರಡೆಯ ಸಂದಿನಿಂದ ತೇವ ಒಳಕ್ಕಿಳಿದು ಪುಡಿಯ ತಡೆ ಕುಗ್ಗುತ್ತದೆ, ಕರೆಂಟ್ ಸ್ವಲ್ಪ ಸ್ವಲ್ಪವಾಗಿ ಕೊಳವೆಗೆ ಸೋರುತ್ತದೆ. ನಿಮ್ಮ ಡ್ರಮ್ಮಿಗೆ ಸರಿಯಾದ ಅರ್ಥಿಂಗ್ ಇದ್ದಿದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತಿತ್ತು. ಅದು ಇಲ್ಲವಾದ್ದರಿಂದ ನಿಮ್ಮ ಕೈಕಾಲಿನ ಮೂಲಕ ಹೋಗುತ್ತಿದೆ. ಕೈ ಜುಮ್ಮೆನ್ನುವುದರಿಂದ ತಿಳಿಯುವುದು ಎರಡು ಸಂಗತಿ: ಕಾಯಿಲ್ ಸೋರುತ್ತಿರಬಹುದು, ಮತ್ತು ಅರ್ಥಿಂಗ್ ಖಂಡಿತ ಇಲ್ಲ.

ಆದ್ದರಿಂದ ಕವರ್ ಕೊಳ್ಳುವ ಮೊದಲು ಕಾಯಿಲ್ ಪರೀಕ್ಷೆ ಮಾಡಿಸಿ. ವೈರು ಬಿಚ್ಚಿ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ 2 ಕಿಲೋವ್ಯಾಟ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ಆದರೆ ಸೋರಿಕೆಯನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ, ಅದರ ಬ್ಯಾಟರಿಯ ಬಲ ಸಾಲದು. ತುದಿಗೂ ಮೈಗೂ ನಡುವೆ 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಷನ್ನಿನ ತಡೆ ಅಳೆಯುವ ಮೀಟರ್, ಹಾಕಿಸಬೇಕು. ಹೊಳಲ್ಕೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಮೆಗ್ಗರ್ ಇದ್ದೇ ಇರುತ್ತದೆ. ಕನಿಷ್ಠ 1 ಮೆಗಾಓಮ್ ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಕಾಯಿಲ್ ಬದಲಿಸಿ. ಒಣಗಿಸಿ ಉಳಿಸಿಕೊಳ್ಳುವ ದಾರಿ ಇದೆ, ಆದರೆ ಒಮ್ಮೆ ಹಬೆ ಕುಡಿದ ಕಾಯಿಲ್ ಮೇಲೆ ಜೀವದ ಭಾರ ಹಾಕಿ ಎಂದು ನಾನು ಹೇಳಲಾರೆ.

ಈಗ ಕವರ್ ವಿಷಯ. ಪ್ಲಾಸ್ಟಿಕ್ ಡಬ್ಬಿ ಏಕೆ ಸೊಟ್ಟಗಾಯಿತು ಎಂಬುದು ಸ್ಪಷ್ಟ. ಕಾಯಿಲ್ಲಿನ ತಲೆ ಡ್ರಮ್ಮಿಗೆ ಅಂಟಿದೆ, ಡ್ರಮ್ಮಿನೊಳಗೆ 100 ಡಿಗ್ರಿ ನೀರು. ತಲೆಯ ಹತ್ತಿರ ಆ ಬಿಸಿ ಮೂರು ಗಂಟೆ ಹಾಗೇ ಇರುತ್ತದೆ. ಮನೆ ವೈರಿಂಗಿನ ಪಿವಿಸಿ ಡಬ್ಬಿ, ಇನ್ಸುಲೇಷನ್ ಟೇಪು, ಎಂ-ಸೀಲ್ ಇವು ಯಾವುವೂ ಇಲ್ಲಿಗಲ್ಲ. ಹೀಟರ್ ಅಂಗಡಿಗಳಲ್ಲಿ ಬೇಕಲೈಟ್ ಅಥವಾ ಅಲ್ಯೂಮಿನಿಯಂ ಎರಕದ ಸಿದ್ಧ ಟೋಪಿಗಳು ಸಿಗುತ್ತವೆ. ನಿಮ್ಮ ಕಾಯಿಲ್ಲಿಗೇ ಹೊಂದುವ, ಗ್ಲ್ಯಾಂಡ್ (ಕೇಬಲ್ಲನ್ನು ಬಿಗಿಯಾಗಿ ಹಿಡಿದು ಒಳಬಿಡುವ ಬಿರಡೆ) ಕೂರಿಸಲು ಜಾಗವಿರುವ ಟೋಪಿ ಸಿಕ್ಕರೆ ತೆಗೆದುಕೊಳ್ಳಿ. ಇಲ್ಲವಾದರೆ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ತಗಡಿನ ಪೆಟ್ಟಿಗೆ ಮಾಡಿಸುವುದೇ ನನಗೆ ಹೆಚ್ಚು ಸಮಾಧಾನ. ಉದ್ದ ಅಗಲ 100 ಮಿಲಿಮೀಟರ್, ಆಳ 75 ಮಿಲಿಮೀಟರ್ ಸಾಕು. ಮುಂದಿನ ಮುಚ್ಚಳ ಸ್ಕ್ರೂ ಬಿಚ್ಚದೆ ತೆರೆಯಬಾರದು. ಕೈಯಿಂದ ಎಳೆದರೆ ಬರುವ ಮುಚ್ಚಳ ಮುಚ್ಚಳವೇ ಅಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ತಿರುಪಿನ ಕಾಯಿಲ್ಲಿನ ತಲೆ ಪೈಪಿನ ಅಳತೆಯಲ್ಲಿ ಒಂದೂಕಾಲು ಇಂಚಿನ ಬಿಎಸ್‌ಪಿ ಥ್ರೆಡ್ಡಿನದು. ಅದರ ಹೊರ ಅಳತೆ ಸುಮಾರು 42 ಮಿಲಿಮೀಟರ್. ಪೆಟ್ಟಿಗೆಯ ಹಿಂಬದಿಗೆ ಥ್ರೆಡ್ ನುಸುಳುವಷ್ಟೇ ತೂತು ಹಾಕಿಸಿ. ತಲೆಯ ಆರು ಮೂಲೆಯ ಭಾಗ ಪೆಟ್ಟಿಗೆಯ ಒಳಗೆ ಉಳಿಯಬೇಕು, ಥ್ರೆಡ್ ಹೊರಬಂದು ಡ್ರಮ್ಮಿನ ಸಾಕೆಟ್ಟಿಗೆ ತಿರುಪಿಕೊಳ್ಳಬೇಕು. ಇಲ್ಲಿ ಎರಡು ವಾಷರ್ ಬೇಕು: ತಲೆಗೂ ಪೆಟ್ಟಿಗೆಗೂ ನಡುವೆ ಒಂದು, ಪೆಟ್ಟಿಗೆಗೂ ಸಾಕೆಟ್ಟಿಗೂ ನಡುವೆ ಇನ್ನೊಂದು. ಮೊದಲನೆಯದು ನೀರು ಪೆಟ್ಟಿಗೆಯೊಳಗೆ ಬರದಂತೆ, ಎರಡನೆಯದು ಹೊರಗೆ ಸೋರದಂತೆ. ಸಿಲಿಕಾನ್ ವಾಷರ್ ಹಾಕಿ. ಕಪ್ಪು ರಬ್ಬರ್ ಬೇಡ. ಎಣ್ಣೆಯ ಆವಿಗೆ ಅದು ಉಬ್ಬುತ್ತದೆ, ರಬ್ಬರಿನ ವಾಸನೆ ಎಣ್ಣೆಗೂ ಹತ್ತುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆಗೆ ಬೆಲೆ ಬರುವುದೇ ಅದರ ವಾಸನೆಯಿಂದ. ಬಿಗಿ ಮಾಡಿದ ಮೇಲೆ ಡ್ರಮ್ಮಿಗೆ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೆಟ್ಟಿಗೆಯೊಳಗೆ ಒಣ ಬಟ್ಟೆ ಆಡಿಸಿ ನೋಡಿ. ಒಣಗಿದ್ದರೆ ಮಾತ್ರ ವೈರಿಂಗ್‌ಗೆ ಕೈ ಹಾಕಿ.

ಪೆಟ್ಟಿಗೆಯ ತಳದಲ್ಲಿ 4-5 ಮಿಲಿಮೀಟರಿನ ಒಂದು ಸಣ್ಣ ತೂತು ಇರಲಿ. ತೂತಿದ್ದರೆ ನೀರು ಒಳಗೆ ಹೋಗುವುದಿಲ್ಲವೇ ಎಂದು ಕೇಳುತ್ತಾರೆ. ಕೆಳಗಿನಿಂದ ಮೇಲಕ್ಕೆ ನೀರು ಹತ್ತುವುದಿಲ್ಲ. ವಾಷರ್ ಮುಂದೆಂದೋ ಸೋರಿದಾಗ ಆ ನೀರು ಒಳಗೇ ನಿಂತು ತುದಿಗಳನ್ನು ಮುಟ್ಟುವ ಬದಲು ತೊಟ್ಟಿಕ್ಕಿ ನಿಮ್ಮ ಕಣ್ಣಿಗೆ ಬೀಳುತ್ತದೆ. ತೊಟ್ಟಿಕ್ಕುವುದು ಕಂಡ ದಿನ ಕೆಲಸ ನಿಲ್ಲಿಸಿ ವಾಷರ್ ಬದಲಿಸಿ.

ವೈರು ಒಳಬರುವ ಗ್ಲ್ಯಾಂಡ್ ಕೂಡ ತಳದಲ್ಲೇ ಇರಲಿ, ಮೇಲ್ಬದಿಗೆ ಎಂದೂ ಬೇಡ. 2.5 ಚದರ ಮಿಲಿಮೀಟರಿನ ಮೂರು ಕೋರ್ ಕೇಬಲ್ಲಿಗೆ ಪಿಜಿ 13.5 ಗ್ಲ್ಯಾಂಡ್ ಹೊಂದುತ್ತದೆ. ಕೇಬಲ್ಲು ಗ್ಲ್ಯಾಂಡಿನಿಂದ ಕೆಳಗಿಳಿದು ಒಂದು ಬಳಸು ಬಂದು ಆಮೇಲೆ ಗೋಡೆಯ ಕಡೆ ಹೋಗಲಿ. ಹಬೆ ಕೂತು ಹರಿದ ನೀರು ಆ ಬಳಸಿನ ತಳದಲ್ಲಿ ಉದುರಿಹೋಗುತ್ತದೆ. ಮಾಮೂಲಿ ಪಿವಿಸಿ ವೈರು 70 ಡಿಗ್ರಿಗೆ ಮಾಡಿದ್ದು, ಪೆಟ್ಟಿಗೆಯೊಳಗೆ ಅದು ಕೆಲವೇ ತಿಂಗಳಲ್ಲಿ ಕಡ್ಡಿಯಂತೆ ಸೆಟೆದು ಬಿರುಕು ಬಿಡುತ್ತದೆ. ಸಿಲಿಕಾನ್ ಹೊದಿಕೆಯ ವೈರು ಕೇಳಿ ತನ್ನಿ. ಅದು 180 ಡಿಗ್ರಿ ತಡೆಯುತ್ತದೆ. ಅದರ ಮೇಲೆ ಗ್ಲಾಸ್ ಫೈಬರ್ ಸ್ಲೀವ್ ಏರಿಸಿದರೆ ಇನ್ನೂ ಒಳ್ಳೆಯದು.

ತುದಿಗಳಿಗೆ ವೈರು ಸುತ್ತಿ ನಟ್ಟು ಬಿಗಿಯುವ ಪದ್ಧತಿ ಬಿಡಿ. ಉಂಗುರದ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಿಲ್ಲೆ) ಹಾಕಿ, ಕ್ರಿಂಪಿಂಗ್ ಇಕ್ಕಳದಿಂದ ಅಮುಕಿಸಿ. ಕಟಿಂಗ್ ಪ್ಲೇಯರಿನಲ್ಲಿ ಜಜ್ಜುವುದಲ್ಲ. ಸಡಿಲ ಜೋಡಣೆ ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಕಿಡಿ ಹಾರುತ್ತದೆ. ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕೇ ಬೇಕು: ಒಂದರಿಂದ ಕೆಳಗಿನ ನಟ್ಟನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಮೇಲಿನದನ್ನು ತಿರುಗಿಸಬೇಕು. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಒಳಗಿನ ಕಡ್ಡಿಯೇ ತಿರುಗಿ ನೈಕ್ರೋಮಿನ ಬೆಸುಗೆ ಮುರಿಯುತ್ತದೆ, ಇಲ್ಲವೇ ಪಿಂಗಾಣಿ ಮಣಿ ಬಿರಿದು ತೇವಕ್ಕೆ ದಾರಿಯಾಗುತ್ತದೆ. ಹೊಸ ಕಾಯಿಲ್ ಹಾಕಿದ ದಿನವೇ ಕೆಡುವುದಕ್ಕೆ ಇದೊಂದು ದೊಡ್ಡ ಕಾರಣ. ಬಿಗಿದ ಮೇಲೆ ಲಗ್ಗಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಒಂದು ಬೆರಳಿನ ಅಂತರ ಇದೆಯೇ ನೋಡಿಕೊಳ್ಳಿ.

ಇನ್ನು ಹಸಿರು ವೈರು, ಅಂದರೆ ಅರ್ಥ್ ವೈರು. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬಹಳ ಕಡೆ ಕೆಲಸ ಕೆಡುವುದು ಇಲ್ಲೇ. ಪೆಟ್ಟಿಗೆಯೊಳಗೆ ಒಂದು ಬೋಲ್ಟು ಬೆಸುಗೆ ಹಾಕಿಸಿ, ಅರ್ಥ್ ವೈರಿನ ಲಗ್ಗನ್ನು ಹಲ್ಲಿನ ವಾಷರ್ ಇಟ್ಟು ಅದಕ್ಕೆ ಬಿಗಿಯಿರಿ. ಪೇಂಟ್ ಇದ್ದರೆ ಕೆರೆದು ಲೋಹ ಕಾಣುವಂತೆ ಮಾಡಿ. ಮೂರು ವೈರುಗಳಲ್ಲಿ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಉದ್ದ ಬಿಡಿ. ಯಾರಾದರೂ ಎಡವಿ ಕೇಬಲ್ ಜಗ್ಗಿದರೆ ಮೊದಲು ಫೇಸ್ ಕಿತ್ತು ಬರಬೇಕು, ಅರ್ಥ್ ಕೊನೆಯದಾಗಿ. ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ಆಗಲೇ ಎರಡು ಸಿಲಿಕಾನ್ ವಾಷರ್ ಹಾಕಿ ಎಂದೆನಲ್ಲ, ಜೊತೆಗೆ ಪ್ಲಂಬರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿರುತ್ತಾನೆ. ಇವೆಲ್ಲ ಕರೆಂಟಿಗೆ ಅಡ್ಡ. ಹಾಗಾಗಿ ಪೆಟ್ಟಿಗೆಗೆ ಅರ್ಥ್ ಸಿಕ್ಕರೂ ಡ್ರಮ್ಮಿಗೆ ಸಿಗದೇ ಹೋಗಬಹುದು. ಡ್ರಮ್ಮಿನ ಮೈಗೆ ಬೇರೆಯೇ ಒಂದು ಬೋಲ್ಟು ಬೆಸೆಸಿ, ಪೆಟ್ಟಿಗೆಯ ಅರ್ಥ್ ಬೋಲ್ಟಿನಿಂದ ಅಲ್ಲಿಗೆ ವೈರು ಎಳೆಯಿರಿ. ಮುಚ್ಚಳದ ಕೆಳಗೂ ಗ್ಯಾಸ್ಕೆಟ್ ಇದ್ದರೆ ಮುಚ್ಚಳಕ್ಕೊಂದು, ಹಬೆಯನ್ನು ತಣಿಸುವ ಕಂಡೆನ್ಸರ್ ಕೊಳವೆಗೊಂದು. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದೊಡ್ಡ ಪಿನ್ನಿಗೆ ಹಿಡಿದು, ಇನ್ನೊಂದನ್ನು ಕಾಯಿಲ್ಲಿನ ತಲೆ, ಪೆಟ್ಟಿಗೆ, ಡ್ರಮ್, ಮುಚ್ಚಳ, ಕಂಡೆನ್ಸರ್ ಹೀಗೆ ಒಂದೊಂದಕ್ಕೂ ಮುಟ್ಟಿಸಿ. ಎಲ್ಲ ಕಡೆಯೂ 1 ಓಮಿಗಿಂತ ಕಡಿಮೆ ಬರಬೇಕು.

ಆ ದೊಡ್ಡ ಪಿನ್ನಿನ ಆಚೆಗೆ, ಗೋಡೆಯೊಳಗೆ ಏನಿದೆ? ಹಳ್ಳಿ ಮನೆಗಳಲ್ಲಿ ಸಾಕೆಟ್ಟಿನ ಅರ್ಥ್ ರಂಧ್ರ ಬರಿದಾಗಿರುವುದನ್ನು ನೋಡುತ್ತಲೇ ಇರುತ್ತೇವೆ. ಇನ್ನೂ ಕೆಟ್ಟದ್ದು, ಅರ್ಥ್ ರಂಧ್ರವನ್ನೂ ನ್ಯೂಟ್ರಲನ್ನೂ ಸಾಕೆಟ್ಟಿನೊಳಗೇ ಒಂದು ತುಂಡು ವೈರಿನಿಂದ ಸೇರಿಸಿರುವುದು. ಎಲ್ಲೋ ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಆ ಕ್ಷಣದಿಂದ ನಿಮ್ಮ ಡ್ರಮ್ಮಿನ ಮೈಯಲ್ಲಿ ಪೂರ್ತಿ 230 ವೋಲ್ಟ್ ನಿಂತಿರುತ್ತದೆ. ಹಾಗೆ ಮಾಡಿದ್ದರೆ ಇವತ್ತೇ ತೆಗೆಸಿ.

ಅರ್ಥ್ ಗುಂಡಿ ಇದ್ದರೂ ನಮ್ಮ ದುರ್ಗದ ಕಲ್ಲುನೆಲದಲ್ಲಿ ಬೇಸಿಗೆ ಬಂತೆಂದರೆ ಇದ್ದಿಲು-ಉಪ್ಪಿನ ಗುಂಡಿ ಒಣಗಿ ಕೂರುತ್ತದೆ. ಲೆಕ್ಕ ಹಾಕಿ ನೋಡಿ. ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದು, ಫೇಸ್ ನೇರವಾಗಿ ಡ್ರಮ್ಮಿಗೆ ತಗುಲಿದರೆ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. ಕರೆಂಟ್ ಮಿತಿಮೀರಿದರೆ ಬೀಳುವ ಸ್ವಿಚ್ಚಾದ 16 ಆಂಪಿಯರಿನ ಎಂಸಿಬಿಗೆ ಅದು ತಪ್ಪೆಂದೇ ಅನಿಸುವುದಿಲ್ಲ, ಅದು ಬೀಳುವುದಿಲ್ಲ, ಡ್ರಮ್ ಮಾತ್ರ ಸಾಯಿಸುವಷ್ಟು ವೋಲ್ಟೇಜಿನಲ್ಲಿ ನಿಂತಿರುತ್ತದೆ. ಗುಂಡಿಯನ್ನು 5 ಓಮಿಗೆ ಇಳಿಸಿದರೂ 46 ಆಂಪಿಯರ್. ಸಿ ನಮೂನೆಯ ಎಂಸಿಬಿ ತಟ್ಟನೆ ಬೀಳಲು ಅದರ ಅಂಕಿಯ 5ರಿಂದ 10 ಪಟ್ಟು ಬೇಕು, ಅಂದರೆ 80 ಆಂಪಿಯರ್ ಮೇಲೆ. 46ಕ್ಕೆ ಅದು ಬಿಸಿಯಾಗಿ ಬೀಳಲು ಹಲವು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಎದೆಯ ಮೂಲಕ ಕರೆಂಟ್ ಹರಿಯುತ್ತಿರುವ ಮನುಷ್ಯನಿಗೆ ಅಷ್ಟು ಹೊತ್ತು ಇಲ್ಲ.

ಆದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ನೀರಿನೊಳಗಿನ ಯಾವ ಕಾಯಿಲ್ಲನ್ನೂ ಹಚ್ಚಬೇಡಿ. ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲಿನಲ್ಲಿ ಮರಳಿದ್ದಕ್ಕೂ ಅಷ್ಟು ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಅದು ಲೈನ್ ಕಡಿಯುತ್ತದೆ. ಗುಂಡಿ 300 ಓಮಿಗೆ ಒಣಗಿದ್ದರೂ ಮುಕ್ಕಾಲು ಆಂಪಿಯರ್ ಸೋರುತ್ತದೆ, ಆರ್‌ಸಿಸಿಬಿಗೆ ಅದು ಬೇಕಾದಷ್ಟಾಯಿತು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಆದರೆ ಒಂದು ಮಾತು ನೆನಪಿರಲಿ: ಅರ್ಥಿಂಗ್ ಇಲ್ಲದಿದ್ದರೂ ಆ ಬಟನ್ ಒತ್ತಿದರೆ ಅದು ಬೀಳುತ್ತದೆ, ಏಕೆಂದರೆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಅರ್ಥಿಂಗ್ ಇಲ್ಲದ ಡ್ರಮ್ಮಿಗೆ ಆರ್‌ಸಿಸಿಬಿ ಒಂದೇ ಇದ್ದರೆ, ಅದು ಬೀಳುವುದು ಯಾರಾದರೂ ಮುಟ್ಟಿ ಷಾಕ್ ಹೊಡೆಸಿಕೊಂಡ ಮೇಲೆ. ಎರಡೂ ಬೇಕು. ಆರ್‌ಸಿಸಿಬಿ ಓವರ್‌ಲೋಡನ್ನು ನೋಡುವುದಿಲ್ಲವಾದ್ದರಿಂದ ಎಂಸಿಬಿಯೂ ಜೊತೆಗಿರಬೇಕು. ಅದು ಡಬಲ್ ಪೋಲ್, ಅಂದರೆ ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು, ಇರಲಿ. ಫೇಸ್-ನ್ಯೂಟ್ರಲ್ ಅದಲುಬದಲಾದ ಮನೆಯಲ್ಲಿ ಸಿಂಗಲ್ ಸ್ವಿಚ್ ಆರಿಸಿದರೂ ಕಾಯಿಲ್ಲಿನ ತುದಿಗಳಲ್ಲಿ ಕರೆಂಟ್ ಉಳಿದಿರುತ್ತದೆ. ಪೆಟ್ಟಿಗೆ ತೆರೆಯುವಾಗ ಹೇಗೂ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ತೆರೆಯಿರಿ.

ಗೋಡೆಯ ಆಚೆಗಿನ ಈ ಕೆಲಸ, ಅಂದರೆ ಗುಂಡಿ, ಬೋರ್ಡು, ಆರ್‌ಸಿಸಿಬಿ, ಇವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಗುಂಡಿಯನ್ನು ಅರ್ಥ್ ಟೆಸ್ಟರಿನಿಂದ ಅಳೆದು ಅಂಕಿ ಬರೆದುಕೊಡಲು ಹೇಳಿ. ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹಾಕುವುದನ್ನು ಮನೆಯಲ್ಲಿ ಒಬ್ಬರ ಹೊಣೆ ಮಾಡಿ.

3 ಕಿಲೋವ್ಯಾಟ್ ಕಾಯಿಲ್ ಬಗ್ಗೆ ಕೇಳಿದ್ದೀರಿ. ಬೇಡ ಎನ್ನುತ್ತೇನೆ, ಕಾರಣ ವೈರಲ್ಲ, ನೀರು. 2 ಕಿಲೋವ್ಯಾಟಿಗೆ 8.7 ಆಂಪಿಯರ್, 3ಕ್ಕೆ 13. ಎರಡನ್ನೂ 16 ಆಂಪಿಯರಿನ ಪವರ್ ಪ್ಲಗ್ ಮತ್ತು 2.5 ಚದರ ಮಿಲಿಮೀಟರ್ ತಾಮ್ರದ ವೈರು ಹೊರುತ್ತವೆ, ಎಕ್ಸ್‌ಟೆನ್ಷನ್ ಬಾಕ್ಸ್ ಮಧ್ಯೆ ಬರದಿದ್ದರೆ. ಆದರೆ 2 ಕಿಲೋವ್ಯಾಟ್ ಕಾಯಿಲ್ ಕುದಿಯುವ ನೀರನ್ನು ಗಂಟೆಗೆ ಸುಮಾರು 3 ಲೀಟರ್ ಹಬೆ ಮಾಡುತ್ತದೆ. ನಿಮ್ಮ ಡ್ರಮ್ಮಿನ ವ್ಯಾಸ 35 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಗಂಟೆಗೆ 3 ಸೆಂಟಿಮೀಟರ್ ನೀರು ಇಳಿಯುತ್ತದೆ. ಮಜ್ಜಿಗೆ ಹುಲ್ಲಿನ ಒಂದು ಭಟ್ಟಿ ಮುಗಿಯಲು ಎರಡು ಮೂರು ಗಂಟೆ. 15 ಲೀಟರ್ ಹಾಕಿದರೆ ಮೊದಲಿಗೆ 15 ಸೆಂಟಿಮೀಟರ್ ಇದ್ದ ನೀರು ಮೂರನೆಯ ಗಂಟೆಗೆ 6ಕ್ಕೆ ಬಂದಿರುತ್ತದೆ. ಕಾಯಿಲ್ ಕೂತಿರುವುದೂ ಹೆಚ್ಚು ಕಡಿಮೆ ಅಲ್ಲೇ. 3 ಕಿಲೋವ್ಯಾಟಿಗೆ ಹೋದರೆ ಮೂರು ಗಂಟೆಯಲ್ಲಿ 14 ಲೀಟರ್ ಹಬೆಯಾಗಿ, ಕಾಯಿಲ್ ಅದಕ್ಕೂ ಬಹಳ ಮೊದಲೇ ನೀರಿನ ಮೇಲೆ ಬಂದು ಕೆಂಪಗೆ ಕಾದು ಸೀಳುತ್ತದೆ. ಪಕ್ಕದಲ್ಲಿ ಒಳಗಿನ ನೀರಿನ ಮಟ್ಟ ಕಾಣುವ ಗಾಜಿನ ಕೊಳವೆ (ಸೈಟ್ ಗ್ಲಾಸ್) ಹಾಕಿಸಿ, ಕಾಯಿಲ್ಲಿನ ಮೇಲೆ ಎರಡು ಇಂಚು ನೀರು ಇರುವ ಮಟ್ಟಕ್ಕೆ ಕೆಂಪು ಗೆರೆ ಎಳೆಯಿರಿ, ಗೆರೆ ತಲುಪಿದರೆ ಆರಿಸಿ. 2 ಕಿಲೋವ್ಯಾಟನ್ನೇ ಇಟ್ಟುಕೊಂಡು 20 ಲೀಟರ್ ಹಾಕಿ. ಕುದಿ ಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ, ಅಷ್ಟೇ. ಬೆಸ್ಕಾಂ ಲೈನಿನ ತುದಿಯಲ್ಲಿ ವೋಲ್ಟೇಜ್ 200ಕ್ಕೆ ಇಳಿಯುವ ಊರುಗಳಲ್ಲಿ ಅದೇ ಕಾಯಿಲ್ 1500 ವ್ಯಾಟ್ ಮಾತ್ರ ಕೊಡುತ್ತದೆ, ಇನ್ನಷ್ಟು ಹೊತ್ತು ಹಿಡಿಯುತ್ತದೆ. ಕಾಯಿಲ್ ಕೆಟ್ಟಿದೆ ಎಂದು ಬದಲಿಸಲು ಹೋಗಬೇಡಿ. ಹುಲ್ಲು ಕಾಯಿಲ್ಲಿಗೆ ತಗುಲದಂತೆ ಮಧ್ಯೆ ತೂತಿನ ತಟ್ಟೆ ಇರಲೇಬೇಕು. ತಗುಲಿದ ಕಡೆ ಸೀದು ಎಣ್ಣೆಯೂ ಸೀದ ವಾಸನೆ ಬರುತ್ತದೆ.

ಇದೇ ಡ್ರಮ್ಮಿನಲ್ಲಿ ಸಾರಾಯಿ ಇಳಿಸಬಹುದೇ ಎಂದು ಬೇರೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ಬಟ್ಟಿ ಇಳಿಸುವುದು ಅಪರಾಧ. ಮದ್ಯಸಾರ 78 ಡಿಗ್ರಿಗೇ ಆವಿಯಾಗುತ್ತದೆ, ಸೋರಿದ ಆವಿಗೆ ಸಡಿಲ ಲಗ್ಗಿನ ಒಂದು ಕಿಡಿ ಸಾಕು. ಇಲ್ಲಿ ಹೇಳಿದ ಪೆಟ್ಟಿಗೆ ನೀರಿನ ಹಬೆಗೆ ಮಾಡಿದ್ದು, ಆ ಆವಿಯನ್ನು ತಡೆಯುವಂಥದ್ದಲ್ಲ.

ಕೊನೆಯದಾಗಿ ಬೋರ್‌ವೆಲ್ ನೀರು. ನಮ್ಮ ಕಡೆಯ ಗಡುಸು ನೀರಿನಲ್ಲಿ ಕಾಯಿಲ್ ಮೇಲೆ ಸುಣ್ಣದ ಬಿಳಿ ಪದರ ಕೂರುತ್ತದೆ. ಶಾಖ ನೀರಿಗೆ ಹೋಗದೆ ಒಳಗೇ ನಿಂತು ಕೊಳವೆ ಅತಿಯಾಗಿ ಕಾದು ಬಿರಿಯುತ್ತದೆ, ಪುಡಿಗೆ ನೀರು ಇಳಿಯುತ್ತದೆ, ಹಳೆಯ ಜುಮ್ಮೆನ್ನುವಿಕೆಗೆ ಮತ್ತೆ ಕಾರಣ ಹುಟ್ಟುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಭಟ್ಟಿಗೆ ಅದನ್ನೇ ಬಳಸಿ. ಇಲ್ಲವಾದರೆ ಪದರ ಕಂಡಾಗ ಕಾಯಿಲ್ ಮುಳುಗುವಷ್ಟು ನೀರಿಗೆ ಲೀಟರಿಗೆ 50 ಗ್ರಾಮ್‌ನಂತೆ ನಿಂಬೆ ಉಪ್ಪು ಹಾಕಿ, ಉಗುರು ಬೆಚ್ಚಗೆ ಕಾಯಿಸಿ, ಪ್ಲಗ್ ಕಿತ್ತು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೆಲ್ಲಿ ತೊಳೆಯಿರಿ. ಚಾಕುವಿನಿಂದ ಕೆರೆಯಬೇಡಿ, ಕೊಳವೆಗೆ ಗೀರು ಬೀಳುತ್ತದೆ. ಆ ದಿನವೇ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಲಗ್ಗುಗಳು ಕಪ್ಪಾಗಿವೆಯೇ ನೋಡಿ, ಎರಡು ಸ್ಪ್ಯಾನರ್ ಹಿಡಿದು ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಮುಚ್ಚಳದ ಸ್ಕ್ರೂಗಳನ್ನೆಲ್ಲ ಹಾಕಿದ ಮೇಲೆಯೇ ಪ್ಲಗ್ ಚುಚ್ಚಿ.